ಶಂಖ

ಹೂವಿನಹಡಗಲಿ ತಾಲ್ಲೂಕಿನ ಹೊಳಲು ಕಡಲಿನಿಂದ ಬಹುದೂರದಲ್ಲಿರುವ ಊರು. ಅನಂತಶಯನನ ಶಿಲಾಮೂರ್ತಿಗೆ ಅದು ಹೆಸರಾಗಿದೆ. ಕಡಲನ್ನೇ ಕಾಣದ ಇಂತಹ ಊರುಗಳ ಮಕ್ಕಳೂ ವಿಷ್ಣುವಿನ ಲಾಂಛನವಾದ ಶಂಖವನ್ನು ಬಲ್ಲರು. ದಾಸಯ್ಯನ ಕೈಯಲ್ಲಿ ಅದನ್ನು ಕಂಡಿರುತ್ತಾರೆ. ಪೂಜೆಯ ವೇಳೆಯಲ್ಲಿ ಅದರ ನಾದವನ್ನು ಕೇಳಿರುತ್ತಾರೆ. ಆದರೆ ಆ ಬಿಳಿಯ ಚಿಪ್ಪು ಹಿಂದೆ ಒಂದು ಜೀವಿಯ ಮನೆಯಾಗಿತ್ತೆಂಬುದನ್ನು ನೆನೆಯುವವರು ವಿರಳ.

ಶಂಖವು ಮೃದ್ವಂಗಿಗಳ ವರ್ಗಕ್ಕೆ ಸೇರಿದ ಕಡಲ ಬಸವನಹುಳು. ಟರ್ಬಿನೆಲ್ಲ ಪೈರಮ್ ಎಂಬುದು ಅದರ ಶಾಸ್ತ್ರೀಯ ನಾಮ. ಭಾರತ ಮತ್ತು ಶ್ರೀಲಂಕಾಗಳ ನಡುವಣ ಮನ್ನಾರ್ ಕೊಲ್ಲಿ ಅದರ ಮುಖ್ಯ ನೆಲೆಗಳಲ್ಲೊಂದು. ಆಳವಿಲ್ಲದ ಕಡಲಿನ ಮರಳ ತಳದಲ್ಲಿ ಅದು ಮೆಲ್ಲನೆ ಹರಿದಾಡುತ್ತದೆ. ನೋಡಲು ಸಾಧುವಾದರೂ ಅದು ಬೇಟೆಗಾರ. ಮರಳಿನಲ್ಲಿ ಅಡಗಿರುವ ಹುಳುಗಳನ್ನು ಸೊಂಡಿಲು ಚಾಚಿ ಹಿಡಿದು ತಿನ್ನುತ್ತದೆ. ಅಪಾಯ ಬಂದೊಡನೆ ಚಿಪ್ಪಿನೊಳಕ್ಕೆ ಸರಿದು, ಪಾದಕ್ಕೆ ಅಂಟಿರುವ ಗಟ್ಟಿ ಮುಚ್ಚಳದಿಂದ ಬಾಗಿಲು ಹಾಕಿಕೊಳ್ಳುತ್ತದೆ.

ಈ ಮನೆಯನ್ನು ಕಟ್ಟುವುದೂ ಆ ಜೀವಿಯೇ. ಅದರ ಮೈಯ ಹೊದಿಕೆಯು ಸುಣ್ಣದ ಅಂಶವನ್ನು ಸ್ರವಿಸಿ ಚಿಪ್ಪಿನ ಬಾಯಂಚಿಗೆ ಸೇರಿಸುತ್ತ ಹೋಗುತ್ತದೆ. ಜೀವಿ ಬೆಳೆದಂತೆ ಸುರುಳಿಯೂ ಹಿಗ್ಗುತ್ತದೆ. ತುದಿಯ ಪುಟ್ಟ ಸುತ್ತು ಅದರ ಶೈಶವದ ಮನೆ. ಜೀವಂತ ಶಂಖದ ಮೇಲೆ ಕಂದು ಬಣ್ಣದ ಸಿಪ್ಪೆಯಿರುತ್ತದೆ; ಅದನ್ನು ತೆಗೆದ ಮೇಲೆಯೇ ಬಿಳುಪು ಹೊಳೆಯುವುದು. ತುದಿಯನ್ನು ಕತ್ತರಿಸಿ ಊದಿದಾಗ ತುಟಿಗಳ ಕಂಪನವು ಸುರುಳಿಯೊಳಗಿನ ಗಾಳಿಯನ್ನು ಮಿಡಿಸಿ ನಾದವಾಗುತ್ತದೆ. ಶಂಖವನ್ನು ಕಿವಿಗಿಟ್ಟಾಗ ಕೇಳುವ ಮೊರೆತವು ಕಡಲಿನದಲ್ಲ. ಸುತ್ತಲಿನ ಸದ್ದೇ ಅದರೊಳಗೆ ಅನುರಣಿಸುತ್ತದೆ.

ಸಾಮಾನ್ಯವಾಗಿ ಎಲ್ಲ ಶಂಖಗಳ ಸುರುಳಿಯೂ ಒಂದೇ ದಿಕ್ಕಿಗಿರುತ್ತದೆ. ಅದಕ್ಕೆ ವಿರುದ್ಧವಾಗಿ ಸುತ್ತಿದ ಅತಿ ವಿರಳವಾದ ಶಂಖವೇ ಬಲಮುರಿ. ಅದರ ಬೆಲೆ ಹೆಚ್ಚಾದುದರಿಂದ ವಂಚನೆಯೂ ಉಂಟು. ಅಮೆರಿಕದ ಕಡಲತೀರದಲ್ಲಿ ಹುಟ್ಟಿನಿಂದಲೇ ಹಾಗೆ ಸುತ್ತುವ ಬೇರೊಂದು ಬಸವನಹುಳುವಿದೆ. ಅದರ ಚಿಪ್ಪನ್ನು ಬಲಮುರಿಯೆಂದು ಮಾರುವವರಿದ್ದಾರೆ.

ಮನುಷ್ಯನಿಗೂ ಶಂಖಕ್ಕೂ ಇರುವ ನಂಟು ಬಹು ಹಳೆಯದು. ಹರಪ್ಪ ನಾಗರಿಕತೆಯ ಜನರು ಶಂಖದಿಂದ ಬಳೆಗಳನ್ನು ಮಾಡುತ್ತಿದ್ದರು. ಬಂಗಾಳದ ಮುತ್ತೈದೆಯರಿಗೆ ಶಂಖದ ಬಳೆ ಇಂದಿಗೂ ಮಂಗಳಸೂಚಕ. ಇದಕ್ಕಾಗಿ ಮುಳುಗುಗಾರರು ಉಸಿರು ಬಿಗಿಹಿಡಿದು ಕಡಲಿನ ತಳಕ್ಕಿಳಿಯುತ್ತಿದ್ದರು. ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1914ರಲ್ಲಿ ಶಂಖವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು.

ತಾಯಿಶಂಖವು ಟಗರಿನ ಕೊಂಬಿನಂತೆ ತಿರುಚಿಕೊಂಡ ಕೋಶಗಳ ಸಾಲಿನಲ್ಲಿ ಮೊಟ್ಟೆಗಳನ್ನಿಡುತ್ತದೆ. ಅದರಿಂದ ಹೊರಬೀಳುವ ಮರಿಗಳಿಗೆ ಆಗಲೇ ಪುಟ್ಟ ಚಿಪ್ಪಿರುತ್ತದೆ. ಅವು ಅಲೆಗಳಲ್ಲಿ ತೇಲಿ ದೂರ ಹೋಗದೆ ಅಲ್ಲಿಯೇ ಮರಳ ಮೇಲೆ ಹರಿಯತೊಡಗುತ್ತವೆ. ಆದುದರಿಂದ ಒಂದು ನೆಲೆಯ ಶಂಖಗಳನ್ನೆಲ್ಲ ಬಾಚಿಕೊಂಡರೆ ಬೇರೆಡೆಯಿಂದ ಮರಿಗಳು ಬಂದು ಅದನ್ನು ಬೇಗನೆ ತುಂಬಲಾರವು. ಗೊತ್ತಾದ ಗಾತ್ರಕ್ಕಿಂತ ಚಿಕ್ಕವಾದುವನ್ನು ಮರಳಿ ಕಡಲಿಗೆ ಬಿಡಬೇಕೆಂಬ ಹಳೆಯ ನಿಯಮದ ವಿವೇಕ ಇದರಿಂದ ತಿಳಿಯುತ್ತದೆ. ದೇಗುಲದಲ್ಲಿ ಶಂಖನಾದ ಉಳಿಯಬೇಕಾದರೆ ಮರಿಶಂಖಗಳು ಕಡಲಿನಲ್ಲಿ ಬೆಳೆಯಬೇಕು.