ಭುಜ ನೋವಿಗೆ ಒಂದೇ ಮದ್ದಿಲ್ಲ

ಕೊಡವ ಹೆಣ್ಣುಮಕ್ಕಳ ಸೀರೆಯ ನೆರಿಗೆ ಹಿಂಬದಿಗೆ ಬರುತ್ತದೆ. ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದು ನೆರಿಗೆ ಸಿಕ್ಕಿಸಬೇಕು, ಆಮೇಲೆ ಸೆರಗನ್ನು ತಂದು ಬಲ ಹೆಗಲ ಮೇಲೆ ಪಿನ್ನು ಹಾಕಬೇಕು. ಐವತ್ತರ ಆಸುಪಾಸಿನಲ್ಲಿ ಎಷ್ಟೋ ಮಂದಿಗೆ ಒಂದು ದಿನ ಈ ಕೆಲಸ ಕೈಕೊಡುತ್ತದೆ. ಬಿದ್ದದ್ದಿಲ್ಲ, ಏಟು ತಗುಲಿದ್ದಿಲ್ಲ. ಆದರೂ ಬೆನ್ನ ಹಿಂದೆ ಹೋದ ಕೈ ಸೊಂಟದ ಬಳಿಯೇ ನಿಂತುಬಿಡುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗುವಂತಿಲ್ಲ. ‘ಉಳುಕಿರಬೇಕು’ ಎಂದು ಎಣ್ಣೆ ಹಚ್ಚಿ, ಶಾಖ ಕೊಟ್ಟು, ಮಾತ್ರೆ ನುಂಗಿ ತಿಂಗಳುಗಳು ಕಳೆಯುತ್ತವೆ.

ಅದೇ ಊರಿನ ತೋಟದಲ್ಲಿ ಇನ್ನೊಂದು ಬಗೆಯ ಭುಜ ನೋವಿದೆ. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಕಾಳುಮೆಣಸು ಕೊಯ್ಯುವವರ ಕೈ ಗಂಟೆಗಟ್ಟಲೆ ತಲೆಯ ಮಟ್ಟಕ್ಕಿಂತ ಮೇಲೆಯೇ ಇರುತ್ತದೆ. ಕಾಫಿ ಕೊಯ್ಲಿನ ಸಂಜೆ ಹಣ್ಣು ತುಂಬಿದ ಚೀಲ ಹೆಗಲೇರುತ್ತದೆ. ಮಳೆಗಾಲಕ್ಕೆ ಮುಂಚೆ ಮರ ಕಪಾತು, ಬೋರ್ಡೋ ಸಿಂಪರಣೆ. ಆಮೇಲೆ ಹೆಗಲಿಗೆ ನೇತುಹಾಕಿಕೊಂಡ ಯಂತ್ರದಲ್ಲಿ ಕಳೆ ಕೊಚ್ಚುವುದು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಕೊಡಗು ಜಿಲ್ಲೆಯಲ್ಲಿ ವರ್ಷವಿಡೀ ದುಡಿಯುವ ಕೀಲು ಇದು.

ಇಬ್ಬರೂ ಹೇಳುವುದು ‘ಭುಜ ನೋವು’ ಎಂದೇ. ಆದರೆ ಒಳಗೆ ನಡೆದಿರುವುದು ಬೇರೆ ಬೇರೆ. ಇದನ್ನು ಮೊದಲು ವಿಂಗಡಿಸದೆ ಕೊಟ್ಟ ಚಿಕಿತ್ಸೆ ನಾಟದಿರುವುದರಲ್ಲಿ ಆಶ್ಚರ್ಯವಿಲ್ಲ.

ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಿ ಹಾಗಿಲ್ಲ. ತೋಳಿನ ಮೂಳೆಯ ದುಂಡು ತಲೆ ಹೆಗಲಮೂಳೆಯ ಆಳವಿಲ್ಲದ ಗುಳಿಗೆ ಒರಗಿಕೊಂಡಿರುತ್ತದೆ, ಪುಟ್ಟ ತಟ್ಟೆಯೊಂದರ ಮೇಲೆ ಕೊಡಗಿನ ಕಿತ್ತಳೆ ಇಟ್ಟ ಹಾಗೆ. ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸುವ ಸ್ವಾತಂತ್ರ್ಯಕ್ಕೆ ದೇಹ ತೆತ್ತ ಬೆಲೆ ಇದು. ಆ ತಲೆ ಜಾರದಂತೆ ಕಾಯುವುದು ನಾಲ್ಕು ಸಣ್ಣ ಸ್ನಾಯುಗಳು ಮತ್ತು ಅವುಗಳ ರಜ್ಜುಗಳು. ಇವಕ್ಕೆ ಒಟ್ಟಾಗಿ ರೊಟೇಟರ್ ಕಫ್ ಎಂದು ಹೆಸರು. ಕೈ ಮೇಲೆತ್ತಿ ದುಡಿದಷ್ಟೂ ಈ ರಜ್ಜುಗಳಿಗೆ ಹೊರೆ ಹೆಚ್ಚು. ವಯಸ್ಸಾದಂತೆ ಅವುಗಳ ನಾರು ಸವೆಯುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಏಣಿ ಹತ್ತುವವರಲ್ಲಿ ಹೆಚ್ಚಾಗಿ ನೋಯುವುದು ಇದೇ. ಕೈಯನ್ನು ಪಕ್ಕದಿಂದ ಎತ್ತುವಾಗ ನಡುವೆ ಒಂದು ಹಂತದಲ್ಲಿ ಚುಳ್ಳೆನ್ನುತ್ತದೆ. ಇನ್ನೊಬ್ಬರು ಹಿಡಿದು ಎತ್ತಿದರೆ ಸಾಮಾನ್ಯವಾಗಿ ಪೂರ್ತಿ ಮೇಲಕ್ಕೆ ಹೋಗುತ್ತದೆ.

ಸೀರೆ ಉಡಲಾಗದ ಭುಜದ ಕಥೆ ಬೇರೆ. ಅಲ್ಲಿ ಕೀಲನ್ನು ಸುತ್ತಿರುವ ತೆಳು ಚೀಲ ದಪ್ಪಗಾಗಿ, ಕುಗ್ಗಿ, ಬಿಗಿದಿರುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಲು ಹೋದರೆ ಆಗದು. ಬೇರೆಯವರು ತಿರುಗಿಸಿದರೂ ಆಗದು. ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಇದನ್ನು ಫ್ರೋಜನ್ ಶೋಲ್ಡರ್ ಎಂದು ಕರೆದರು, ಇದನ್ನು ವಿವರಿಸುವುದೂ ಗುಣಪಡಿಸುವುದೂ ಕಷ್ಟವೆಂದು ಒಪ್ಪಿಕೊಂಡರು. ನಲವತ್ತರಿಂದ ಅರವತ್ತರೊಳಗಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಜಾಸ್ತಿ. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾದ ಸಡಿಲಿಕೆ. ಈ ಮೂರು ಹಂತ ದಾಟಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಕೆಲವರಲ್ಲಿ ಸ್ವಲ್ಪ ಬಿಗಿತ ಉಳಿದೇಬಿಡುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ರಕ್ತದಲ್ಲಿ ಹೆಚ್ಚಿದ ಸಕ್ಕರೆ ಕೊಲಾಜನ್ ನಾರುಗಳಿಗೆ ಅಂಟಿಕೊಂಡು ಅವುಗಳನ್ನು ಪೆಡಸಾಗಿಸುವುದು ಒಂದು ಕಾರಣ ಎನ್ನಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಆದ್ದರಿಂದ ಕಾರಣವಿಲ್ಲದೆ ಭುಜ ಬಿಗಿದವರು ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ.

ಇನ್ನು ಕೆಲವು ನೋವುಗಳ ಮೂಲ ಭುಜದಲ್ಲೇ ಇರುವುದಿಲ್ಲ. ಕತ್ತಿನ ನರ ಒತ್ತಿಹೋದರೆ ನೋವು ಭುಜ ದಾಟಿ ಬೆರಳ ತನಕ ಜೋಮಿನೊಂದಿಗೆ ಇಳಿಯುತ್ತದೆ. ಪಿತ್ತಕೋಶದ ತೊಂದರೆ ಬಲ ಹೆಗಲಲ್ಲಿ ಕಾಣಿಸಿಕೊಳ್ಳಬಹುದು. ಎಡ ಭುಜದ ನೋವಿನ ಜತೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹೃದಯಾಘಾತ ಇರಬಹುದು; ಆಗ ಎಣ್ಣೆ ಉಜ್ಜುತ್ತ ಕೂರುವಂತಿಲ್ಲ.

ಕ್ರೀಡಾಪಟುಗಳ ಭುಜ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ನೆರೆಯ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ರೊಟೇಟರ್ ಕಫ್ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ಕಳೆದುಕೊಂಡರು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮತ್ತೆ ಬಂದು 2003ರ ವಿಶ್ವಕಪ್ ಫೈನಲ್ ತನಕ ವೇಗದ ಬೌಲಿಂಗ್ ಮಾಡಿದರು. ಕೊಡಗಿನ ರೋಹನ್ ಬೋಪಣ್ಣ 2019ರ ನವೆಂಬರಿನಲ್ಲಿ ಪಾಕಿಸ್ತಾನದ ಎದುರಿನ ಡೇವಿಸ್ ಕಪ್ ಪಂದ್ಯದಿಂದ ಭುಜದ ನೋವಿನ ಕಾರಣಕ್ಕೆ ಹಿಂದೆ ಸರಿದಿದ್ದರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ನೊಂದ ಭುಜ ಮತ್ತೆ ದುಡಿಯಬಲ್ಲದು ಎಂಬುದಕ್ಕೆ ಇವು ಗಟ್ಟಿ ಸಾಕ್ಷಿ. ಆದರೆ ಶ್ರೀನಾಥರಿಗೆ ಆದ ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕೆಂದು ತಿಳಿದರೆ ತಪ್ಪಾಗುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ಇದೆ. 1972ರಲ್ಲಿ ಅಮೆರಿಕದ ಚಾರ್ಲ್ಸ್ ನೀರ್, ಭುಜದ ತುದಿಯ ಮೂಳೆ ರಜ್ಜುವನ್ನು ಒತ್ತುವುದರಿಂದ ನೋವು ಬರುತ್ತದೆ, ಆ ಮೂಳೆಯನ್ನು ಸ್ವಲ್ಪ ಕೆತ್ತಿ ತೆಗೆದರೆ ವಾಸಿಯಾಗುತ್ತದೆ ಎಂದರು. ಮುಂದಿನ ದಶಕಗಳಲ್ಲಿ ಲಕ್ಷಾಂತರ ಜನರಿಗೆ ಈ ಶಸ್ತ್ರಚಿಕಿತ್ಸೆ ನಡೆಯಿತು. ಬ್ರಿಟನ್ನಿನ ವೈದ್ಯರು 313 ರೋಗಿಗಳನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ನಿಜವಾದ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಕೀಲಿನೊಳಗೆ ಇಣುಕಿ ನೋಡಿ ಏನನ್ನೂ ಕೆತ್ತದೆ ಹೊಲಿಯುವುದು, ಮೂರನೆಯದಕ್ಕೆ ಶಸ್ತ್ರಚಿಕಿತ್ಸೆಯೇ ಇಲ್ಲ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾದ ಫಲಿತಾಂಶದಂತೆ, ನಿಜವಾಗಿ ಕೆತ್ತಿಸಿಕೊಂಡವರಿಗೂ ಸುಮ್ಮನೆ ಹೊಲಿಸಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಏನೂ ಮಾಡಿಸಿಕೊಳ್ಳದವರಿಗೆ ಹೋಲಿಸಿದರೆ ಸಿಕ್ಕ ಲಾಭವೂ ರೋಗಿಗೆ ಮಹತ್ವವೆನಿಸದಷ್ಟು ಚಿಕ್ಕದು.

ಸ್ಕ್ಯಾನ್ ವರದಿಯನ್ನೂ ಎಚ್ಚರದಿಂದ ಓದಬೇಕು. ಭುಜದಲ್ಲಿ ಯಾವ ತೊಂದರೆಯೂ ಇಲ್ಲದ, 40ರಿಂದ 70 ವರ್ಷದ 51 ಗಂಡಸರನ್ನು ಅಲ್ಟ್ರಾಸೌಂಡ್ ಮಾಡಿದಾಗ ಶೇ 96ರಷ್ಟು ಮಂದಿಯಲ್ಲಿ ಏನಾದರೊಂದು ಏರುಪೇರು ಕಂಡಿತ್ತು. ‘ರಜ್ಜು ಸವೆದಿದೆ’ ಎಂಬ ಸಾಲು ಕಂಡೊಡನೆ ಗಾಬರಿಯಾಗುವವರು ಈ ಅಂಕಿಯನ್ನು ನೆನಪಿಡಬೇಕು. ಅನುಭವಿ ವೈದ್ಯರು ಕೈಯನ್ನು ಹತ್ತು ನಿಮಿಷ ತಿರುಗಿಸಿ ನೋಡಿ ಹೇಳುವುದರಲ್ಲಿ ಎಷ್ಟೋ ಸಲ ಹೆಚ್ಚಿನ ಸುಳಿವಿರುತ್ತದೆ.

ಹಾಗಾದರೆ ಯಾವುದು ನಾಟುತ್ತದೆ? ರಜ್ಜುವಿನ ನೋವಿಗೆ ಅಳತೆಯರಿತ ವ್ಯಾಯಾಮ. ಪೂರ್ತಿ ವಿಶ್ರಾಂತಿ ಕೊಟ್ಟರೆ ಸ್ನಾಯು ಇನ್ನೂ ಸೊರಗುತ್ತದೆ. ಮೊದಲಿನಷ್ಟೇ ಹೊರೆ ಹೊತ್ತರೆ ನೋವು ಕೆರಳುತ್ತದೆ. ಇವೆರಡರ ನಡುವಿನ ಹದವನ್ನು ಹುಡುಕಿ, ರಬ್ಬರ್ ಪಟ್ಟಿಯಿಂದ ಶುರುಮಾಡಿ ವಾರವಾರಕ್ಕೂ ಸ್ವಲ್ಪ ಏರಿಸಬೇಕು. ಬ್ರಿಟನ್ನಿನಲ್ಲೇ 708 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಒಂದು ಸಮಾಧಾನದ ಸಂಗತಿ ತಿಳಿಸಿತು: ಫಿಸಿಯೋಥೆರಪಿಸ್ಟ್ ಬಳಿ ಒಂದೇ ಸಲ ಹೋಗಿ ಸರಿಯಾಗಿ ಕಲಿತು ಮನೆಯಲ್ಲಿ ವ್ಯಾಯಾಮ ಮಾಡಿದವರು, ಆರು ಸಲದ ತನಕ ಹೋಗಿಬಂದವರಷ್ಟೇ ಸುಧಾರಿಸಿದ್ದರು. ಮಡಿಕೇರಿಗೆ ಬರಲು ಅರ್ಧ ದಿನದ ಕೂಲಿ ಬಿಡಬೇಕಾದ ಕಾರ್ಮಿಕರಿಗೆ ಇದು ದೊಡ್ಡ ಮಾತು. ಅದೇ ಅಧ್ಯಯನದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು ಮೊದಲ ಕೆಲವು ವಾರ ತುಸು ಆರಾಮ ಕೊಟ್ಟಿತೇ ಹೊರತು ವರ್ಷದ ಕೊನೆಗೆ ಅದರ ಲಾಭ ಉಳಿಯಲಿಲ್ಲ.

ಫ್ರೋಜನ್ ಶೋಲ್ಡರಿನಲ್ಲಿ ಮಾತ್ರ, ನೋವು ಜೋರಾಗಿರುವ ಆರಂಭದ ತಿಂಗಳುಗಳಲ್ಲಿ ಅದೇ ಚುಚ್ಚುಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಮಧುಮೇಹ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಹಾಗಾಗಿ ವೈದ್ಯರಿಗೆ ಮೊದಲೇ ತಿಳಿಸಬೇಕು. ಜತೆಗೆ ಮೃದುವಾದ ಚಲನೆ: ಮೇಜಿಗೆ ಒಳ್ಳೆಯ ಕೈ ಊರಿ ಬಾಗಿ, ನೋಯುವ ಕೈಯನ್ನು ಇಳಿಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು. ಯಾರಾದರೂ ಬಲವಾಗಿ ಎಳೆದು ‘ಬಿಡಿಸಲು’ ಬಂದರೆ ಒಪ್ಪಬಾರದು.

ಬಿದ್ದ ಮೇಲೆ ಕೈ ಏಳದಿದ್ದರೆ, ಜ್ವರದೊಂದಿಗೆ ಕೀಲು ಊದಿದರೆ, ತೂಕ ಇಳಿಯುತ್ತ ರಾತ್ರಿಯಿಡೀ ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪೂರ್ತಿ ಹರಿದ ರಜ್ಜುವನ್ನು ಹೊಲಿಯಬೇಕಾದರೆ ಬೇಗ ಹೊಲಿಯುವುದೇ ಲೇಸು. 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಶುರುವಾದ ಮೇಲೆ ಮೂಳೆ ತಜ್ಞರು ಮಡಿಕೇರಿಯಲ್ಲೇ ಸಿಗುತ್ತಾರೆ. ಮೊದಲ ತಪಾಸಣೆಗೆ ಮೈಸೂರು, ಮಂಗಳೂರಿನ ದಾರಿ ಹಿಡಿಯಬೇಕಿಲ್ಲ.

ತೋಟದ ಮಾಲೀಕರಲ್ಲೂ ಒಂದು ಕೇಳಿಕೆ. ಭುಜ ನೋಯುತ್ತಿದೆ ಎಂದವರನ್ನು ಕೆಲವು ವಾರ ಏಣಿಯಿಂದ ಇಳಿಸಿ, ಕಣದಲ್ಲಿ ಕಾಫಿ ಆರಿಸುವಂಥ ಕೆಲಸಕ್ಕೆ ಹಾಕಿ. ಚೀಲವನ್ನು ಇಬ್ಬರು ಎತ್ತುವಂತೆ ಮಾಡಿ. ಕೊಯ್ಲು ಮುಗಿಯಲಿ ಎಂದು ಕಾಯದೆ, ನೋವು ಶುರುವಾದಾಗಲೇ ವೈದ್ಯರ ಬಳಿ ಹೋಗಲು ರಜೆ ಕೊಡಿ, ಕೂಲಿ ಕಡಿಯಬೇಡಿ.