ನಿಮಗಿದು ಗೊತ್ತೆ? ಓಟಕ್ಕೆ ಮರಳಲು ಸೈಕಲ್ ನೆರವು

● ಓಟ ಬಿಟ್ಟ ಎರಡು–ಮೂರು ವಾರಗಳಲ್ಲೇ ದಮ್ಮು ಕುಗ್ಗತೊಡಗುತ್ತದೆ. ಮೊದಲು ಇಳಿಯುವುದು ರಕ್ತದ ದ್ರವಾಂಶ. ಅದರಿಂದ ಹೃದಯ ಪ್ರತಿ ಬಡಿತಕ್ಕೆ ಹೊರಹಾಕುವ ರಕ್ತವೂ ಕಡಿಮೆಯಾಗುತ್ತದೆ.

● ಮತ್ತೆ ಶುರು ಮಾಡಿದರೆ ದಮ್ಮು ಬೇಗ ಮರಳುತ್ತದೆ. ಆದರೆ ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಲುತ್ತಿದೆಯೆಂದು ಒಮ್ಮೆಲೇ ದೂರ ಹೆಚ್ಚಿಸಿದರೆ ಮೊಣಕಾಲು, ಹಿಮ್ಮಡಿ ನೋಯಲು ಶುರುವಾಗುವುದು ಇದಕ್ಕೇ.

● ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು–ಮೂರು ಪಟ್ಟು ಭಾರ ಬೀಳುತ್ತದೆ. ಸೈಕಲ್ ತುಳಿಯುವಾಗ ಆ ಹೊಡೆತವಿಲ್ಲ. ಹೃದಯ, ಶ್ವಾಸಕೋಶಕ್ಕೆ ಮಾತ್ರ ಪೂರ್ತಿ ಕಸರತ್ತು.

● ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಒಲಿಂಪಿಕ್ಸ್‌ಗೆ ಬಂದದ್ದು 2000ರಲ್ಲಿ, ಸಿಡ್ನಿಯಲ್ಲಿ. ದೂರ: ಈಜು 1.5 ಕಿ.ಮೀ., ಸೈಕಲ್ 40 ಕಿ.ಮೀ., ಓಟ 10 ಕಿ.ಮೀ.

● ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ‘ಐರನ್‌ಮ್ಯಾನ್’ ಟ್ರಯಥ್ಲಾನ್ ಪೂರೈಸಿದರು. ಅದರಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ!

● ಈಜುಕೊಳ ಹತ್ತಿರವಿಲ್ಲವೆ? ಓಟ–ಸೈಕಲ್–ಓಟದ ಡ್ಯುಯಾಥ್ಲಾನ್ ಇದೆ. ಸೈಕಲ್ ಇಳಿದ ತಕ್ಷಣ ಓಡಿದರೆ ಕಾಲು ಭಾರವೆನಿಸುತ್ತದೆ. ಅಭ್ಯಾಸದಿಂದ ಅದು ಕಡಿಮೆಯಾಗುತ್ತದೆ.

● ನಂದಗುಡಿಯ ಗೆಳೆಯರೇ, ಹೊಸಕೋಟೆ–ಚಿಂತಾಮಣಿ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಹೆಲ್ಮೆಟ್, ಹಿಂದೀಪ ಮರೆಯಬೇಡಿ. ಈಜು ಕಲಿಯುವ ಆಸೆಯೆ? ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದ ಅಂಚು ಜಾರುತ್ತದೆ, ಹತ್ತಿ ಬರುವುದು ಕಷ್ಟ. ಅಲ್ಲಿಗೆ ಇಳಿಯಲೇಬೇಡಿ.