ಶರಾವತಿ ಸೀಮೆಯ ರೆಕಾರ್ಡು ಪೆಟ್ಟಿಗೆ

ರಾತ್ರಿಯಿಡೀ ರೆಕಾರ್ಡು ಹಾಕುವ ಡಿಜೆಗೆ ಮೊದಲ ಹಾಡನ್ನು ಆರಿಸುವುದೇ ಕಷ್ಟ. ಅದು ಸರಿಯಾಗಿ ಕೂತರೆ ಮಿಕ್ಕವು ತಾವಾಗಿ ಸಾಲು ಹಿಡಿಯುತ್ತವೆ. ಆಷಾಢದ ಮಳೆ ಹೆಂಚಿನ ಮೇಲೆ ಹೊಯ್ಯುತ್ತಿರುವ ಮಲೆನಾಡಿನ ರಾತ್ರಿಗೆ ಜಗತ್ತಿನ ಯಾವ ಮೂಲೆಯಿಂದಾದರೂ ಹಾಡು ತನ್ನಿ ಎಂದರೂ ನನ್ನ ಕೈ ಮೊದಲು ಹೋಗುವುದು ಹೊಸನಗರ ತಾಲ್ಲೂಕಿನ ನಗರದತ್ತ. ಕೆಳದಿ ಅರಸರ ರಾಜಧಾನಿಯಾಗಿದ್ದ ಆ ಊರಿನಲ್ಲಿ 1938ರಲ್ಲಿ ಹುಟ್ಟಿದವರು ಶಿವಮೊಗ್ಗ ಸುಬ್ಬಣ್ಣ. ಅವರು ‘ಕಾಡು ಕುದುರೆ’ ಚಿತ್ರಕ್ಕೆ ಹಾಡಿದ ಶೀರ್ಷಿಕೆ ಗೀತೆಯೇ ನನ್ನ ಮೊದಲ ರೆಕಾರ್ಡು.

ಚಂದ್ರಶೇಖರ ಕಂಬಾರರು ಆ ಹಾಡನ್ನು ಬರೆದರು, ರಾಗ ಕೂಡಿಸಿದರು, ಚಿತ್ರವನ್ನೂ ನಿರ್ದೇಶಿಸಿದರು. ಲಯ ಬೆಳಗಾವಿ ಸೀಮೆಯ ಜನಪದದ್ದು, ಕಂಠ ಮಲೆನಾಡಿನದು. ಸುಬ್ಬಣ್ಣ ಇಲ್ಲಿ ದನಿಯನ್ನು ನಯ ಮಾಡಲು ಹೋಗುವುದಿಲ್ಲ. ಎದೆ ತೆರೆದು, ಬಯಲಲ್ಲಿ ನಿಂತು ಕೂಗುವವರ ಹಾಗೆ ಎತ್ತರಕ್ಕೆ ಏರುತ್ತಾರೆ, ಅಲ್ಲೇ ತಡೆದು ನಿಲ್ಲುತ್ತಾರೆ. 1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಇದಕ್ಕೇ ಬಂತು. ಕನ್ನಡಿಗ ಗಾಯಕರೊಬ್ಬರು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು. ವೃತ್ತಿಯಿಂದ ಅವರು ವಕೀಲರಾಗಿದ್ದರು.

ಅದರ ಬೆನ್ನಿಗೇ ಬಿಲ್ ವಿದರ್ಸ್ ಬರಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಿಂದ ಬಂದವನು, ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯ ಕಾರ್ಮಿಕ. 1971ರಲ್ಲಿ ‘ಐನ್ಟ್ ನೋ ಸನ್‌ಶೈನ್’ ಹೊರಬಂತು. ಆ ಹಾಡಿರುವ ಆಲ್ಬಮ್‌ನ ಹೊದಿಕೆಯ ಚಿತ್ರದಲ್ಲಿ ಅವನ ಕೈಯಲ್ಲಿರುವುದು ಊಟದ ಡಬ್ಬಿ. ಹಾಡಿನ ನಡುವೆ ಎರಡೇ ಪದಗಳನ್ನು 26 ಬಾರಿ ಹೇಳುತ್ತಾನೆ. ಅಲ್ಲಿ ಬೇರೆ ಸಾಹಿತ್ಯ ಬರೆದು ತುಂಬಿಸುವ ಯೋಚನೆ ಅವನದಾಗಿತ್ತು, ಜೊತೆಗಾರರು ಹಾಗೇ ಬಿಡು ಎಂದರು. ಎಷ್ಟು ಒಳ್ಳೆಯ ಸಲಹೆ! ನಮ್ಮ ಎಷ್ಟೋ ಭಾವಗೀತೆಗಳ ಧ್ವನಿಮುದ್ರಣಗಳು ವಾದ್ಯಗಳ ಗದ್ದಲದಲ್ಲಿ ಕಳೆದುಹೋಗಿರುವುದು ಇಂಥ ಮಾತು ಹೇಳುವವರು ಇಲ್ಲದ್ದರಿಂದ.

ಅಲ್ಲಿಂದ ಶಿಶುನಾಳ ಶರೀಫರ ತತ್ವಪದಗಳಿಗೆ. ಶಿವಮೊಗ್ಗದಲ್ಲೇ ಹುಟ್ಟಿದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸಕ್ತಿ, ಸಿ. ಅಶ್ವತ್ಥ್ ಅವರ ರಾಗಸಂಯೋಜನೆ, ಜೊತೆಗೆ ಸುಬ್ಬಣ್ಣನವರ ಕಂಠ ಕೂಡಿ ಆ ಪದಗಳು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಬಂದವು. ಇವುಗಳ ಪಕ್ಕದಲ್ಲಿಡಲು ಅರೀಥಾ ಫ್ರಾಂಕ್ಲಿನ್‌ಳ ‘ಅಮೇಜಿಂಗ್ ಗ್ರೇಸ್’ಗಿಂತ ಒಳ್ಳೆಯದು ನನಗೆ ಕಂಡಿಲ್ಲ. 1972ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಚರ್ಚೊಂದರಲ್ಲಿ ಎರಡು ರಾತ್ರಿ ಮುದ್ರಿಸಿದ್ದು ಅದು. ಭಕ್ತರ ಕೂಗು, ಚಪ್ಪಾಳೆ ಎಲ್ಲ ರೆಕಾರ್ಡಿನೊಳಗೇ ಇವೆ. ನಮ್ಮ ಕಡೆ ಅಂಥ ಜೀವಂತಿಕೆ ಹುಡುಕಿದರೆ ಬಯಲಾಟದ ಧ್ವನಿಮುದ್ರಣಗಳಲ್ಲಿ ಸಿಗುತ್ತದೆ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ಟು ಘಟ್ಟದ ಮೇಲೂ ಕೆಳಗೂ ಇನ್ನೂ ಕೇಳುತ್ತಾರೆ. ಚಂಡೆ, ಮದ್ದಳೆ ದಾಟಿ ಆ ದನಿ ಮೇಲೇಳುವಾಗ ಸ್ಟುಡಿಯೋ ಬೇಡ ಅನಿಸುತ್ತದೆ.

ಸ್ಟುಡಿಯೋ ಬೇಡವೆಂದ ಇನ್ನೊಬ್ಬ, ಮಾಲಿ ದೇಶದ ಅಲಿ ಫಾರ್ಕಾ ತೂರೆ. ನೈಜರ್ ನದಿ ದಂಡೆಯ ನಿಯಾಫುಂಕೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ಅವನು ಊರು ಬಿಟ್ಟು ಬರಲಿಲ್ಲ. ಮುದ್ರಣದ ಯಂತ್ರಗಳೇ ಅಲ್ಲಿಗೆ ಹೋದವು. 1999ರ ಆ ಆಲ್ಬಮ್‌ಗೆ ಊರಿನದೇ ಹೆಸರು. ಅಡಿಕೆ ತೋಟದ ಕೊಯ್ಲು ಬಿಟ್ಟು ಸ್ವರ್ಗಕ್ಕೂ ಬರಲೊಪ್ಪದ ನಮ್ಮ ಕಡೆಯವರಿಗೆ ಇವನ ಹಟ ಬೇಗ ಅರ್ಥವಾದೀತು.

ನಡುರಾತ್ರಿಗೆ ಸೆಸಾರಿಯಾ ಎವೊರಾ. ಅಟ್ಲಾಂಟಿಕ್ ಸಾಗರದ ಕೇಪ್ ವರ್ಡ್ ದ್ವೀಪಗಳವಳು, ಬರಿಗಾಲಲ್ಲೇ ವೇದಿಕೆ ಏರುತ್ತಿದ್ದವಳು. ‘ಸೊದಾದೆ’ 1992ರ ಅವಳ ಆಲ್ಬಮ್ಮಿನದು, ಆಗ ಅವಳಿಗೆ ಐವತ್ತು ದಾಟಿತ್ತು. ಹೊಟ್ಟೆಪಾಡಿಗೆ ಸಾವೊ ತೊಮೆಯ ತೋಟಗಳಿಗೆ ಹೋದ ತನ್ನ ಜನರ ದಾರಿಯನ್ನು ಅವಳು ಹಾಡುತ್ತಾಳೆ. ಮಾತು ಒಂದೂ ತಿಳಿಯದಿದ್ದರೂ ಈ ಹಾಡು ಸಾಗರ, ಹೊಸನಗರದವರಿಗೆ ಸೇರಿದ್ದೆಂದು ನನ್ನ ನಂಬಿಕೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿನಡಿ ಹೋದವು. ನಾಡಿಗೆ ಬೆಳಕು ಬಂತು, ಮುಳುಗಡೆಯವರು ಕಂಡ ಕಂಡ ಊರುಗಳಿಗೆ ಚದುರಿದರು. ಸಾಗರದ ನಾ. ಡಿಸೋಜ ಆ ನೋವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ ಕಾಸರವಳ್ಳಿ ಚಿತ್ರವಾಗಿಸಿದರು, ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರವೆಂಬ ಮನ್ನಣೆಯೂ ಬಂತು. ಕಾದಂಬರಿ ಬಂತು, ಸಿನಿಮಾ ಬಂತು. ಆದರೆ ಮುಳುಗಡೆಯ ನೋವನ್ನು ಹೊತ್ತು ಲೋಕ ಸುತ್ತಿದ ಒಂದು ಹಾಡು ನಮ್ಮಲ್ಲಿ ಹುಟ್ಟಲಿಲ್ಲ. ಈ ಕೊರತೆ ನನ್ನನ್ನು ಕಾಡುತ್ತದೆ. ಅಂಥದೊಂದು ಹುಟ್ಟುವವರೆಗೆ ಸೆಸಾರಿಯಾಳ ದನಿಯನ್ನೇ ಸಾಲ ತರುತ್ತೇನೆ.

ಬೆಳಗಿನ ಜಾವಕ್ಕೆ ‘ನಿತ್ಯೋತ್ಸವ’. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ, 1978ರ ಕ್ಯಾಸೆಟ್ಟು. ಜೋಗದ ನಾಡಿನಲ್ಲಿ ಅದನ್ನು ಯಾಕೆ ಹಾಕಿದೆ ಎಂದು ಯಾರೂ ಕೇಳಲಾರರು.

ಓದುಗರಲ್ಲಿ ಒಂದು ಬಿನ್ನಹ. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಟ್ಟಗಳಲ್ಲಿ ಇನ್ನೂ ಕ್ಯಾಸೆಟ್ಟುಗಳಿವೆ: ಅಜ್ಜಿಯ ಹಸೆ ಹಾಡು, ಊರ ಭಜನೆ, ಬಯಲಾಟದ ರಾತ್ರಿ. ನಮ್ಮ ಥಂಡಿಗೆ ಟೇಪಿನ ಮೇಲೆ ಬಿಳಿ ಬೂಷ್ಟು ಬೇಗ ಹಿಡಿಯುತ್ತದೆ. ಬೂಷ್ಟು ಕಂಡರೆ ಹಾಗೇ ಪ್ಲೇಯರಿಗೆ ಹಾಕಬೇಡಿ, ಟೇಪೂ ಹಾಳು, ಯಂತ್ರವೂ ಹಾಳು. ಒಣಗಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತಿಳಿದವರಿಂದ ಶುಚಿ ಮಾಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ನೆನಪಿರುವವರನ್ನು ಕೇಳಿ ಬರೆದಿಡಿ. ಮುಂದಿನ ಮಳೆಗಾಲಕ್ಕೆ ಮೊದಲೇ ಮಾಡಿ.